ಜೇಬಿನಲ್ಲಿದ್ದ ಬ್ಯಾಡ್ಜು

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಮಗ ತೋರಿಸಿದ 'ಡ್ಯಾಡ್ಸ್ ಆರ್ಮಿ' ಎಂಬ ಹಳೆಯ ಬ್ರಿಟಿಷ್ ಹಾಸ್ಯ ಧಾರಾವಾಹಿ ನೋಡಿ ಬೇಸರವಾಯಿತು ಎಂದು ಬರೆದಿದ್ದೀರಿ. ಅದರಲ್ಲಿ ಗಾಡ್‌ಫ್ರೀ ಎಂಬ ಮುದುಕ ಸಿಪಾಯಿ ಕವಾಯತಿನ ನಡುವೆಯೇ 'ಸ್ವಲ್ಪ ಹೊರಗೆ ಹೋಗಿ ಬರ್ಲಾ ಸರ್' ಎಂದು ಕೇಳುತ್ತಾನೆ, ಜನ ನಗುತ್ತಾರೆ. '22 ವರ್ಷ ಸೇನೆಯಲ್ಲಿದ್ದು ಬಂದವನು ನಾನು. ಯೂನಿಫಾರ್ಮ್ ತೊಟ್ಟ ವಯಸ್ಸಾದವರನ್ನು ಹೀಗೆ ನಗೆಪಾಟಲು ಮಾಡುವುದು ಸರಿಯೇ? ಆ ನಟನಿಗೆ ಯುದ್ಧ ಅಂದ್ರೆ ಏನು ಅಂತ ಗೊತ್ತಿತ್ತೇ?' ಎಂದು ಕೇಳಿದ್ದೀರಿ.

ಗೊತ್ತಿತ್ತು. ನಮ್ಮ ನಿಮ್ಮ ಊಹೆಗಿಂತ ಜಾಸ್ತಿಯೇ ಗೊತ್ತಿತ್ತು.

ಆ ನಟನ ಹೆಸರು ಆರ್ನಾಲ್ಡ್ ರಿಡ್ಲಿ. ಹುಟ್ಟಿದ್ದು 1896ರಲ್ಲಿ, ಇಂಗ್ಲೆಂಡಿನ ಬಾತ್ ಊರಿನಲ್ಲಿ. ಮೊದಲ ಮಹಾಯುದ್ಧ ಶುರುವಾದಾಗ ಸೇನೆಗೆ ಸೇರಲು ತಾವಾಗಿಯೇ ಹೋದರು. ಕಾಲ್ಬೆರಳಿನ ಹಳೆಯ ಪೆಟ್ಟಿನಿಂದಾಗಿ ವಾಪಸ್ ಕಳಿಸಿದರು. 1915ರಲ್ಲಿ ಮತ್ತೆ ಹೋಗಿ ಸಾಮರ್ಸೆಟ್ ಲೈಟ್ ಇನ್‌ಫೆಂಟ್ರಿ ಎಂಬ ಕಾಲಾಳು ಪಡೆ ಸೇರಿದರು. ಮರುವರ್ಷ ಫ್ರಾನ್ಸಿನ ಸೊಮ್ ಕಾಳಗ, ಆ ಯುದ್ಧದ ಅತಿ ಭೀಕರ ಕಾಳಗಗಳಲ್ಲೊಂದು. ಆ ಹೆಸರು ನಿಮಗೆ ಹೊಸದಲ್ಲ. 1916ರ ಸೆಪ್ಟೆಂಬರಿನಲ್ಲಿ ಶತ್ರುಗಳ ಕಂದಕದೊಳಗೆ ಕೈಕೈ ಮಿಲಾಯಿಸಿದ ಹೊಡೆದಾಟದಲ್ಲಿ ತಲೆಗೆ ಬಂದೂಕಿನ ಹಿಂಬದಿಯಿಂದ ಏಟು ಬಿತ್ತು. ತೊಡೆಸಂದಿಗೆ ಬಯೋನೆಟ್, ಅಂದರೆ ಬಂದೂಕಿನ ತುದಿಯ ಚೂರಿ, ಇಳಿಯಿತು. ಎಡಗೈ ಹೆಚ್ಚುಕಡಿಮೆ ಕೆಲಸಕ್ಕೆ ಬಾರದಂತಾಯಿತು. ತಲೆಯ ಏಟಿನಿಂದ ಎಷ್ಟೋ ವರ್ಷ ಇದ್ದಕ್ಕಿದ್ದಂತೆ ಕಣ್ಣು ಕತ್ತಲಿಟ್ಟು ಪ್ರಜ್ಞೆ ತಪ್ಪುತ್ತಿತ್ತು.

ಇಲ್ಲೊಂದು ಸಂಗತಿ ಹೇಳಲೇಬೇಕು. ಆ ಕಾಲದಲ್ಲಿ ಮಾಮೂಲಿ ಬಟ್ಟೆ ತೊಟ್ಟು ಓಡಾಡುವ ಹುಡುಗರ ಕೈಗೆ ಕೆಲವು ಹೆಂಗಸರು ಬಿಳಿ ಗರಿ ಇಡುತ್ತಿದ್ದರು. ನೀನು ಹೇಡಿ, ಯುದ್ಧಕ್ಕೆ ಹೋಗಿಲ್ಲ ಅಂತ ಅರ್ಥ. ಗಾಯಗೊಂಡು ಮನೆಗೆ ಬಂದಿದ್ದ ರಿಡ್ಲಿಗೂ ಒಬ್ಬಳು ಗರಿ ಕೊಟ್ಟಳು. ಗಾಯಾಳು ಸೈನಿಕರಿಗೆ ಸರ್ಕಾರ ಒಂದು ಬೆಳ್ಳಿ ಬ್ಯಾಡ್ಜ್ ಕೊಡುತ್ತಿತ್ತು. ಅದನ್ನು ಎದೆಗೆ ಚುಚ್ಚಿಕೊಂಡಿದ್ದರೆ ಯಾರೂ ಮಾತಾಡುತ್ತಿರಲಿಲ್ಲ. ಇವರ ಬ್ಯಾಡ್ಜು ಜೇಬಿನಲ್ಲಿತ್ತು. ತೋರಿಸಿಕೊಂಡು ತಿರುಗುವುದು ಅವರಿಗೆ ಇಷ್ಟವಿರಲಿಲ್ಲ. ಗರಿ ತೆಗೆದುಕೊಂಡರು, ಒಂದು ಮಾತೂ ಆಡದೆ ಹೊರಟರು. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಯುದ್ಧದ ನಂತರ ಬರ್ಮಿಂಗ್‌ಹ್ಯಾಮಿನ ನಾಟಕ ಕಂಪನಿ ಸೇರಿದರು. ಹಳೆಯ ಗಾಯಗಳು ಬಿಡಲಿಲ್ಲ. ನಟನೆ ಬಿಟ್ಟು ಊರಿಗೆ ಬಂದು ಅಪ್ಪನ ಚಪ್ಪಲಿ ಅಂಗಡಿಯಲ್ಲಿ ನಿಂತರು, ಬಿಡುವಿನಲ್ಲಿ ನಾಟಕ ಬರೆಯತೊಡಗಿದರು. ಒಮ್ಮೆ ಬ್ರಿಸ್ಟಲ್ ಹತ್ತಿರದ ಮ್ಯಾಂಗಟ್ಸ್‌ಫೀಲ್ಡ್ ಜಂಕ್ಷನ್ನಿನಲ್ಲಿ ರೈಲು ತಪ್ಪಿ ಗಂಟೆಗಟ್ಟಲೆ ಕೂರಬೇಕಾಯಿತು. ಪ್ಲಾಟ್‌ಫಾರಂ ಖಾಲಿ. ರೈಲೊಂದು ಧಡಧಡ ಎಂದು ಹತ್ತಿರ ಬಂದ ಸದ್ದು, ಕಣ್ಣಿಗೆ ಮಾತ್ರ ಏನೂ ಇಲ್ಲ. ಆ ರೈಲು ನಿಲ್ದಾಣಕ್ಕೆ ಬರದೆ ಪಕ್ಕದ ಸುತ್ತು ಹಳಿಯಲ್ಲಿ ಹಾದುಹೋಗುತ್ತಿತ್ತು, ಅಷ್ಟೇ. ಅದರಿಂದ ಹುಟ್ಟಿದ್ದು 'ದಿ ಘೋಸ್ಟ್ ಟ್ರೈನ್' ನಾಟಕ. 1925ರಲ್ಲಿ ಲಂಡನ್ನಿನ ರಂಗಮಂದಿರಕ್ಕೆ ಬಂದು 600ಕ್ಕೂ ಹೆಚ್ಚು ಪ್ರದರ್ಶನ ಕಂಡಿತು. ನಾಟಕದಲ್ಲೂ ರೈಲು ಕಾಣಿಸಬೇಕಿರಲಿಲ್ಲ, ಕೇಳಿಸಬೇಕಿತ್ತು. ಪರದೆಯ ಹಿಂದೆ ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿ, ಅವುಗಳ ಮೇಲೆ ಹುಲ್ಲುಹಾಸು ಸಮ ಮಾಡುವ ಭಾರದ ಕಬ್ಬಿಣದ ರೋಲರ್ ಉರುಳಿಸುತ್ತಿದ್ದರು. ಜನ ಕೂತಲ್ಲೇ ನಡುಗುತ್ತಿದ್ದರು.

ಆಮೇಲೆ ಸ್ವಂತ ಸಿನಿಮಾ ಕಂಪನಿ ಮಾಡಿ ಕೈಸುಟ್ಟುಕೊಂಡರು, ಸಾಲ ತೀರಿಸಲು ವರ್ಷಗಟ್ಟಲೆ ದುಡಿದರು.

1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಇವರಿಗೆ 43. ದೇಹ ಜರ್ಜರಿತ. ಆದರೂ ಮತ್ತೆ ಸೇನೆಗೆ ಹೋದರು! ಪತ್ರಕರ್ತರನ್ನು ರಣರಂಗಕ್ಕೆ ಕರೆದೊಯ್ಯುವ ಅಧಿಕಾರಿಯ ಕೆಲಸ. ಫ್ರಾನ್ಸಿನ ನೆಲಕ್ಕೆ ಕಾಲಿಡುತ್ತಲೇ 1916ರ ಭಯವೆಲ್ಲ ಮರುಕಳಿಸಿತು. 1940ರ ಮೇ ತಿಂಗಳಲ್ಲಿ ಜರ್ಮನ್ನರು ನುಗ್ಗಿದಾಗ ಬುಲೋನ್ ಬಂದರಿನಿಂದ ಯುದ್ಧನೌಕೆ ಹತ್ತಿ ಹೇಗೋ ಪಾರಾದರು. ಅನಾರೋಗ್ಯವೆಂದು ಸೇನೆ ಬಿಡುಗಡೆ ಮಾಡಿತು. ಇವರು ಸುಮ್ನೆ ಮನೆಯಲ್ಲಿ ಕೂತರೇ? ಇಲ್ಲ. ಹೋಮ್ ಗಾರ್ಡ್ ಸೇರಿದರು. ಸೇನೆಗೆ ಆಗದ ಮುದುಕರು, ಇನ್ನೂ ವಯಸ್ಸಾಗದ ಹುಡುಗರು ತಮ್ಮ ತಮ್ಮ ಊರು ಕಾಯಲು ನಿಂತ ಸ್ವಯಂಸೇವಕ ದಳ ಅದು. ಮೊದಮೊದಲು ಎಷ್ಟೋ ಕಡೆ ಕೈಯಲ್ಲಿ ಬಂದೂಕೂ ಇರಲಿಲ್ಲ.

'ಡ್ಯಾಡ್ಸ್ ಆರ್ಮಿ' ಆ ದಳದ ಕಥೆಯೇ. ಅದನ್ನು ಹುಟ್ಟುಹಾಕಿದ ಜಿಮ್ಮಿ ಪೆರಿ ಹುಡುಗನಾಗಿದ್ದಾಗ ಅದೇ ದಳದಲ್ಲಿದ್ದವರು. ಅಂದರೆ ಹೊರಗಿನವರು ಕೂತು ಮಾಡಿದ ಗೇಲಿ ಅಲ್ಲ ಇದು. 1968ರಲ್ಲಿ ಧಾರಾವಾಹಿ ಶುರುವಾದಾಗ ರಿಡ್ಲಿಗೆ 72. ಸಹನಟ ಜಾನ್ ಲಾರಿ ಕೂಡ ಮೊದಲ ಮಹಾಯುದ್ಧ ಕಂಡವರು. ದಳದ ಮುದಿ ಜೋನ್ಸ್ ಪಾತ್ರದಲ್ಲಿ ಎಗರಾಡುವ ಕ್ಲೈವ್ ಡನ್‌ಗೆ ಆಗಿನ್ನೂ 48. ಅವರು ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಯುದ್ಧಕೈದಿಯಾಗಿದ್ದವರು.

ಸಾಧ್ಯವಾದರೆ 1969ರಲ್ಲಿ ಬಂದ 'ಬ್ರಾಂಡೆಡ್' ಕಂತು ನೋಡಿ. ಅದರಲ್ಲಿ ಗಾಡ್‌ಫ್ರೀ ದಳ ಬಿಡುತ್ತೇನೆ ಅನ್ನುತ್ತಾನೆ. ಹಿಂದಿನ ಯುದ್ಧದಲ್ಲಿ ತಾನು ಕೊಲ್ಲಲು ಒಪ್ಪದೆ ಬಂದೂಕು ಹಿಡಿಯಲಿಲ್ಲ ಎಂದೂ ಒಪ್ಪಿಕೊಳ್ಳುತ್ತಾನೆ. ಎಲ್ಲರೂ ಮುಖ ತಿರುಗಿಸುತ್ತಾರೆ. ಮುಂದೆ ಹೊಗೆ ತುಂಬಿದ ಗುಡಿಸಲಿನ ತರಬೇತಿಯಲ್ಲಿ ದಳದ ಕ್ಯಾಪ್ಟನ್ ಸಿಕ್ಕಿಬಿದ್ದಾಗ ಒಳಗೆ ಹೋಗಿ ಉಳಿಸುವವನು ಇದೇ ಮುದುಕ. ಹಾಸಿಗೆ ಹಿಡಿದ ಅವನನ್ನು ನೋಡಲು ಹೋದ ಕ್ಯಾಪ್ಟನ್ ಮಂಚದ ಮೇಲಿನ ಗೋಡೆಯಲ್ಲಿ ಒಂದು ಫೋಟೋ ಕಾಣುತ್ತಾನೆ. ಫೋಟೋದಲ್ಲಿ ಯುವಕ ಗಾಡ್‌ಫ್ರೀ, ಎದೆಯ ಮೇಲೆ ಮಿಲಿಟರಿ ಮೆಡಲ್. ಸೊಮ್ ಕಾಳಗದಲ್ಲಿ ಗುಂಡಿನ ಸುರಿಮಳೆಯ ನಡುವೆ ಗಾಯಾಳುಗಳನ್ನು ಎತ್ತಿ ತಂದದ್ದಕ್ಕೆ ಸಿಕ್ಕ ಪದಕ. ಇಷ್ಟು ದಿನ ಅದನ್ನು ಯಾರಿಗೂ ಹೇಳಿರಲಿಲ್ಲ. ಕೇಳಿದರೆ ಸಂಕೋಚಪಡುತ್ತಾನೆ.

ಆ ಸಂಕೋಚದ ಮುಖವನ್ನು ಒಮ್ಮೆ ನೋಡಿ. ಬ್ಯಾಡ್ಜನ್ನು ಜೇಬಿನಲ್ಲಿಟ್ಟು ಬಿಳಿ ಗರಿ ತೆಗೆದುಕೊಂಡವರ ಮುಖ ಅದು. ಗಾಡ್‌ಫ್ರೀಯನ್ನು ನೋಡಿ ನಗುವಾಗಲೂ ಜನರಿಗೆ ಅವನ ಮೇಲೆ ಅಕ್ಕರೆ ಹುಟ್ಟುವುದು ಇದಕ್ಕೇ ಎಂದು ನನಗನ್ನಿಸುತ್ತದೆ. ರಿಡ್ಲಿ ಅವನನ್ನು ಎಲ್ಲೂ ಸಣ್ಣವನಾಗಲು ಬಿಡಲಿಲ್ಲ.

1977ರಲ್ಲಿ 80ನೇ ಕಂತಿನೊಂದಿಗೆ ಧಾರಾವಾಹಿ ಮುಗಿಯಿತು. ಆಗ ರಿಡ್ಲಿಗೆ 81. ಕೊನೆಯ ದೃಶ್ಯದಲ್ಲಿ ಎಲ್ಲರೂ ಲೋಟ ಎತ್ತಿ ಹೋಮ್ ಗಾರ್ಡ್‌ಗೆ ಗೌರವ ಸಲ್ಲಿಸುತ್ತಾರೆ. ರಿಡ್ಲಿ 1984ರಲ್ಲಿ ತೀರಿಕೊಂಡರು.

ನಿಮ್ಮ 22 ವರ್ಷದ ಸೇವೆಯನ್ನು ಅರ್ಧ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಎಲ್ಲಿದ್ದಿರಿ, ಏನು ಕಂಡಿರಿ, ದಯವಿಟ್ಟು ವಿವರವಾಗಿ ಬರೆದು ಕಳಿಸಿ. ಎಷ್ಟು ಪುಟವಾದರೂ ಆಗಲಿ, ಜಾಗ ಮಾಡಿಕೊಡುವುದು ನನ್ನ ಜವಾಬ್ದಾರಿ.

— ಸಂಪಾದಕ