ಹೆಸರು ಚೆನ್ನಾಗಿ ಬಂತು, ವಿಳಾಸ ಯಾಕೆ ಹರಿದುಹೋಯ್ತು?

ಪ್ರಶ್ನೆ: ನಮ್ಮದು ಚಿಕ್ಕ ಬೇಕರಿ. ಕಂದು ಕಾಗದದ ಕವರ್ ಮೇಲೆ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲವನ್ನೂ ಇಂಗ್ಲಿಷ್‌ನಲ್ಲಿ, ಅಬ್ರಿಲ್ ಫ್ಯಾಟ್‌ಫೇಸ್ ಫಾಂಟ್‌ನಲ್ಲೇ ಹಾಕಿಸಿದೆ. ಕಂಪ್ಯೂಟರ್‌ನಲ್ಲಿ ಸಖತ್ತಾಗಿತ್ತು. ಪ್ರಿಂಟ್ ಆದ ಮೇಲೆ ವಿಳಾಸದ ಅಕ್ಷರಗಳು ಅಲ್ಲಲ್ಲಿ ಮುರಿದಿವೆ. ತಪ್ಪು ಪ್ರೆಸ್ಸಿನವರದಾ, ಫಾಂಟಿನದಾ? ಕನ್ನಡಕ್ಕೂ ಇದೇ ಫಾಂಟ್ ಆಗುತ್ತಾ?

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ, ತಪ್ಪು ಸೈಜಿನದು. ಈ ಜಾತಿಯ ಫಾಂಟು ಹುಟ್ಟಿದ್ದೇ ಗೋಡೆಗೆ ಅಂಟಿಸುವ ಪೋಸ್ಟರಿಗೆ. 18ನೇ ಶತಮಾನದ ಕೊನೆಗೆ ಇಟಲಿಯ ಪಾರ್ಮಾದಲ್ಲಿ ಬೊಡೋನಿ ಎಂಬ ಮುದ್ರಕ, ಪ್ಯಾರಿಸ್‌ನಲ್ಲಿ ಡಿಡೋ ಎಂಬ ಮುದ್ರಕರ ಮನೆತನದವರು ದಪ್ಪ ಗೆರೆ, ತೀರಾ ತೆಳು ಗೆರೆ ಪಕ್ಕಪಕ್ಕ ಇರುವ ಅಕ್ಷರ ಮಾಡಿದರು. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಅಚ್ಚುಮೊಳೆ ತಯಾರಕರು ಅದರ ದಪ್ಪ ಗೆರೆಯನ್ನು ಇನ್ನೂ ಉಬ್ಬಿಸಿ, ತೆಳು ಗೆರೆಯನ್ನು ಹಾಗೇ ಬಿಟ್ಟು, ಲಾಟರಿ ಜಾಹೀರಾತಿಗೆ ಕೊಟ್ಟರು. ಅದೇ ಫ್ಯಾಟ್‌ಫೇಸ್. ರಸ್ತೆಯ ಆಚೆ ಬದಿಯಿಂದ ಕಣ್ಣಿಗೆ ಬೀಳಬೇಕು, ಅಷ್ಟೇ ಅದರ ಕೆಲಸ. ನಿಮ್ಮ ಫಾಂಟ್ ಕೂಡ ಆ ಕಾಲದ ಪೋಸ್ಟರ್ ನೋಡಿ ಮಾಡಿದ್ದು.

ಈಗ ಒಂದು ಸಣ್ಣ ಲೆಕ್ಕ. ತೆಳು ಗೆರೆ ಫಾಂಟ್ ಸೈಜಿನ 50ರಲ್ಲಿ ಒಂದು ಪಾಲು ಅಂದುಕೊಳ್ಳಿ. 60 ಪಾಯಿಂಟ್‌ನಲ್ಲಿ (ಪಾಯಿಂಟ್ ಅಂದರೆ ಫಾಂಟ್ ಸೈಜಿನ ಅಳತೆ) ಅದು 0.4 ಮಿಲಿಮೀಟರ್, ಪರವಾಗಿಲ್ಲ. 10 ಪಾಯಿಂಟ್‌ಗೆ ಇಳಿಸಿದರೆ 0.07 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ತಲೆಗೂದಲು! ಒರಟು ಕಂದು ಕಾಗದದ ಮೇಲೆ ಅಷ್ಟು ಸಣ್ಣ ಗೆರೆ ನಿಲ್ಲೋದು ಕಷ್ಟ ಅಲ್ವಾ? ನಿಮ್ಮ ಕವರನ್ನೇ ಹತ್ತಿರದಿಂದ ನೋಡಿ: ಸಣ್ಣ 'ಇ' ನಡುವಿನ ಅಡ್ಡಗೆರೆ ಹೋಗಿ 'ಸಿ' ಆಗಿರುತ್ತದೆ, ದೊಡ್ಡ 'ಎಚ್' ಒಡೆದು ಎರಡು ಕಂಬ ನಿಂತಿರುತ್ತವೆ. ಕಪ್ಪು ಹಿನ್ನೆಲೆಗೆ ಬಿಳಿ ಅಕ್ಷರ ಹಾಕಿದರಂತೂ ಇನ್ನೂ ಕಷ್ಟ, ಅಕ್ಕಪಕ್ಕದ ಇಂಕು ಹರಡಿ ತೆಳು ಗೆರೆಯನ್ನೇ ನುಂಗಿಬಿಡುತ್ತದೆ.

ಹಾಗಂತ ಫಾಂಟ್ ಬಿಡಬೇಡಿ, ಬೇಕರಿಗೆ ಒಪ್ಪುವ ಅಕ್ಷರ ಅದು. ಹೆಸರಿಗೆ, ಬೆಲೆಯ ಅಂಕಿಗೆ ಇಟ್ಟುಕೊಳ್ಳಿ (ಅದರ ದುಂಡು '2', '5' ನನಗಂತೂ ತುಂಬಾ ಇಷ್ಟ), ಆದರೆ ದೊಡ್ಡದಾಗಿ, ಎರಡು ಮೂರು ಪದಕ್ಕೆ ಮಾತ್ರ. ವಿಳಾಸ, ನಂಬರ್‌ಗೆ ನೋಟೊ ಸಾನ್ಸ್ ತರಹದ ಸಾದಾ ಫಾಂಟ್ ಸಾಕು.

ಕನ್ನಡಕ್ಕೆ ಇದು ಆಗೋದಿಲ್ಲ, ಇದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಟೈಪ್ ಮಾಡಿದರೆ ಸಾಫ್ಟ್‌ವೇರ್ ಸುಮ್ನೆ ಬೇರೆ ಯಾವುದೋ ಫಾಂಟ್ ತಂದು ಕೂರಿಸುತ್ತದೆ, ಇಲ್ಲಾಂದ್ರೆ ಬರೀ ಚೌಕಗಳು ಕಾಣುತ್ತವೆ. ನೋಟೊ ಸೆರಿಫ್ ಕನ್ನಡ ಅನ್ನೋ ಫಾಂಟಿನ ದಪ್ಪ (ಬೋಲ್ಡ್) ರೂಪ ಹಾಕಿ ನೋಡಿ. ಅದೂ ಅತಿ ದಪ್ಪ ಬೇಡ, ಒತ್ತಕ್ಷರ ಮೊದಲೇ ಚಿಕ್ಕದು, ಒಳಗಿನ ಜಾಗ ಮುಚ್ಚಿಹೋದರೆ 'ಕ್ಷ' ಬರೀ ಮಸಿಯ ಮುದ್ದೆ.

ಮುಂದಿನ ಆರ್ಡರ್‌ಗೆ ಮೊದಲು ಅದೇ ಕಂದು ಕಾಗದದ ಮೇಲೆ ಒಂದೇ ಒಂದು ಪ್ರೂಫ್ (ಮಾದರಿ ಪ್ರಿಂಟ್) ತೆಗೆಸಿ. ಅಂಗಡಿಯ ದೀಪದ ಬೆಳಕಲ್ಲಿ, ಕನ್ನಡಕ ಹಾಕುವ ಯಾರಿಗಾದರೂ ಕೊಟ್ಟು ಫೋನ್ ನಂಬರ್ ಓದಿಸಿ.