ಮಲಯಾಳಂನ ‘ೞ’ ಉಚ್ಚಾರ ಹೇಗೆ? ನಾನು ಹೇಳಿದರೆ ‘ಳ’ ಆಗಿಬಿಡುತ್ತದೆ

ವ್ಯತ್ಯಾಸ ಇರುವುದು ಸ್ಪರ್ಶದಲ್ಲಿ. ‘ಳ’ ಹೇಳುವಾಗ ಹಿಂದಕ್ಕೆ ಮಡಚಿದ ನಾಲಗೆಯ ತುದಿ ಅಂಗುಳಕ್ಕೆ ತಾಗುತ್ತದೆ, ಉಸಿರು ಅಕ್ಕಪಕ್ಕದಿಂದ ಹೋಗುತ್ತದೆ. ‘ೞ’ದಲ್ಲಿ ಇದು ಉಲ್ಟಾ: ತುದಿ ಎಲ್ಲಿಗೂ ತಾಗಬಾರದು. ನಾಲಗೆಯ ಎರಡೂ ಅಂಚು ಮೇಲಿನ ದವಡೆಹಲ್ಲುಗಳಿಗೆ ಒತ್ತಿರಬೇಕು, ಉಸಿರು ನಡುವಿನಿಂದ ಹರಿಯಬೇಕು.

‘ಅ’ ಎಂದು ಎಳೆಯುತ್ತಾ, ಸ್ವರ ನಿಲ್ಲಿಸದೆ, ತುದಿಯನ್ನು ನಿಧಾನವಾಗಿ ಹಿಂದಕ್ಕೆ ಮಡಚಿ. ಧ್ವನಿ ಮಂದವಾದಲ್ಲಿ ನಿಂತು ಮೂರು ಸೆಕೆಂಡ್ ಹಿಡಿಯಿರಿ. ‘ಟಕ್’ ಎಂದು ತಾಗಿದರೆ ಅದು ‘ಳ’ ಅಥವಾ ‘ಡ’. ತುದಿ ಹಲ್ಲಿನ ಹಿಂದೆ ಅದುರಿದರೆ ‘ರ’. ತುದಿ ಕೆಳಗೇ ಉಳಿದು ನಾಲಗೆಯ ನಡುಭಾಗ ಎದ್ದರೆ ‘ಯ’. ಆಮೇಲೆ ‘ಕಿಳಿ’ (ಗಿಳಿ), ‘ಕಿೞಿ’ (ಆಯುರ್ವೇದದ ಔಷಧಿ ಗಂಟು) ಜೋಡಿಯನ್ನು ಒಂದರ ಹಿಂದೊಂದು ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ‘ಕೋಝಿಕ್ಕೋಡ್’ ಎಂಬ ಬರಹವನ್ನು ಮಾತ್ರ ನಂಬಬೇಡಿ, ಅಲ್ಲಿರುವುದು ಇದೇ ‘ೞ’, ‘ಝ’ ಇಲ್ಲವೇ ಇಲ್ಲ.

ಇದು ನಮಗೆ ಹೊರಗಿನ ಧ್ವನಿಯೂ ಅಲ್ಲ. ಹಳಗನ್ನಡದ ಕೋೞಿ, ಬಾೞೆ ಹೊಸಗನ್ನಡದಲ್ಲಿ ಕೋಳಿ, ಬಾಳೆ ಆದವು. ಮಂಗಳೂರು, ಉಡುಪಿಯ ತುಳುವಿನಲ್ಲಿ ಅವೇ ಕೋರಿ, ಬಾರೆ. ‘ಪೊೞ್ತು’ ಕನ್ನಡದಲ್ಲಿ ‘ಹೊತ್ತು’, ತುಳುವಿನಲ್ಲಿ ‘ಪೊರ್ತು’. ಹಾಗಾಗಿ ತುಳುವಿನ ‘ರ’ಕ್ಕೆ ಸಾಟಿಯಾಗಿ ಕನ್ನಡದಲ್ಲಿ ‘ಳ’ ಕಂಡರೆ, ಮಲಯಾಳಂನಲ್ಲಿ ‘ೞ’ ಇದೆಯೇ ನೋಡಿ. ಬಹಳ ಸಲ ಸಿಗುತ್ತದೆ.