ಗೆಳತಿಯರ ತುಂಡು ಬಟ್ಟೆಗಳಿಂದ ಒಂದು ಕೌದಿ

ಪ್ರಶ್ನೆ: ಕೌದಿ ಹೊಲಿಯುವ ನಮ್ಮ ಓಣಿಯ ಆರು ಮಂದಿ ಹೆಂಗಸರು ಮನೆಯಲ್ಲಿ ಉಳಿದಿದ್ದ ತುಂಡು ಬಟ್ಟೆಗಳನ್ನು ಪರಸ್ಪರ ಬದಲಿಸಿಕೊಂಡಿದ್ದೇವೆ. ನನ್ನ ಪಾಲಿಗೆ ಇಳಕಲ್ ಸೀರೆಯ ತುಂಡು, ಖಣದ ಕುಬುಸ, ಮಕ್ಕಳ ಅಂಗಿ, ಪಾಲಿಯೆಸ್ಟರ್ ಸೀರೆ ಎಲ್ಲವೂ ಬಂದಿವೆ. ಅಳತೆಯೂ ಬಣ್ಣವೂ ಒಂದಕ್ಕೊಂದು ಕೂಡುವುದಿಲ್ಲ. ಇವನ್ನೆಲ್ಲ ಸೇರಿಸಿ ಒಂದು ಕೌದಿ ಮಾಡಬಹುದೇ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಖಂಡಿತ ಮಾಡಬಹುದು. ಆದರೆ ಬಣ್ಣದ ಚಿಂತೆಗಿಂತ ಮೊದಲು ನೂಲನ್ನು ನೋಡಿಕೊಳ್ಳಿ. ಪ್ರತಿ ತುಂಡಿನಿಂದ ಒಂದೆಳೆ ಎಳೆದು, ಚಿಮಟದಲ್ಲಿ ಹಿಡಿದು ಉರಿಗೆ ತಾಗಿಸಿದರೆ ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟಂತೆ ನಾರುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ಒಗೆದಾಗ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ. ಎರಡನ್ನೂ ಜೋಡಿಸಿದರೆ ಹೊಲಿಗೆಯುದ್ದಕ್ಕೂ ಸುಕ್ಕು ಏಳುತ್ತದೆ. ಆದ್ದರಿಂದ ಆ ಸೀರೆಯನ್ನು ಕೈಚೀಲಕ್ಕೆ ತೆಗೆದಿಡಿ.

ಉಳಿದ ತುಂಡುಗಳನ್ನು ಬೇರೆಬೇರೆಯಾಗಿ ಒಗೆಯಿರಿ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಅಂಟಿದರೆ, ನೀರು ತಿಳಿಯಾಗುವವರೆಗೆ ಮತ್ತೆ ಒಗೆಯಬೇಕು. ಅವಸರದಲ್ಲಿ ಒಂದು ಕೆಂಪು ತುಂಡನ್ನು ಹಾಗೆಯೇ ಸೇರಿಸಿದ್ದರಿಂದ ನನ್ನ ಮೊದಲ ಕೌದಿಯಲ್ಲಿ ಪಕ್ಕದ ಬಿಳಿ ಧೋತರವೆಲ್ಲ ಗುಲಾಬಿಯಾಯಿತು. ಅದು ಅಜ್ಜನ ಧೋತರವಾಗಿದ್ದುದರಿಂದ ಇಂದಿಗೂ ನೋವಾಗುತ್ತದೆ.

ಅಳತೆ ಕೂಡದ ತುಂಡುಗಳಿಗೆ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಸಮುದಾಯದ ಹೆಂಗಸರು ಕವಂದಿ, ಎಂದರೆ ತಮ್ಮ ಕೌದಿ, ಹೊಲಿಯುವ ಕ್ರಮಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಅವರು ತುಂಡುಗಳನ್ನು ಮೊದಲೇ ಚೌಕವಾಗಿ ಕತ್ತರಿಸಿ ಜೋಡಿಸುವುದಿಲ್ಲ. ಹಳೆಯ ಹತ್ತಿ ಸೀರೆಯನ್ನು ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ತುಂಡಿನ ಅಂಚನ್ನು ಒಳಮಡಿಸಿ, ಎಲ್ಲ ಪದರಗಳನ್ನೂ ಹಿಡಿಯುವಂತೆ ಹತ್ತಿರ ಹತ್ತಿರ ಕಚ್ಚಾ ಹೊಲಿಗೆ ಹಾಕುತ್ತ ಅಂಚಿನುದ್ದಕ್ಕೂ ಸುತ್ತು ಬಂದು ನಡುವಿನ ಕಡೆಗೆ ಸಾಗುತ್ತಾರೆ. ತುಂಡು ಚಿಕ್ಕದಾದರೆ ಪಕ್ಕಕ್ಕೆ ಇನ್ನೊಂದು, ದೊಡ್ಡದಾದರೆ ಒಳಮಡಿಕೆ ಹೆಚ್ಚು, ಲೆಕ್ಕ ಅಷ್ಟೇ. ನಾಲ್ಕೂ ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ, ಬಣ್ಣದ ಮೇಲೆ ಬಣ್ಣವಿಟ್ಟು ‘ಫೂಲ’ (ಹೂವು) ಹೊಲಿಯುತ್ತಾರೆ. ಅದಿಲ್ಲದೆ ಕವಂದಿ ಪೂರ್ಣವಾಯಿತೆಂದು ಅವರು ಒಪ್ಪುವುದಿಲ್ಲ.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಹೊಂದಿಸಲು ಹೋಗಬೇಡಿ, ಹರಡಿ. ಒಬ್ಬ ಗೆಳತಿ ಕೊಟ್ಟ ಬಟ್ಟೆಯನ್ನು ಒಂದೇ ಕಡೆ ಗುಂಪುಗೂಡಿಸದೆ, ಕನಿಷ್ಠ ಮೂರು ಕಡೆ ಬರುವಂತೆ ಕತ್ತರಿಸಿಕೊಳ್ಳಿ. ದಪ್ಪ ಹತ್ತಿ ದಾರವನ್ನು ಮಾತ್ರ ಆರಂಭದಿಂದ ಕೊನೆಯವರೆಗೆ ಒಂದೇ ಬಣ್ಣದ್ದಾಗಿ ಇಟ್ಟುಕೊಂಡರೆ, ಹೊಲಿಗೆಯ ಸಾಲುಗಳೇ ಎಲ್ಲವನ್ನೂ ಒಂದುಗೂಡಿಸುತ್ತವೆ.

ಇನ್ನು ಖಣ. ಹತ್ತಿಯೊಂದಿಗೆ ರೇಷ್ಮೆ ಸೇರಿಸಿ ನೇಯ್ದ ಗುಳೇದಗುಡ್ಡದ ಹಳೆಯ ಖಣವಾಗಿದ್ದರೆ ಅದನ್ನು ಅಂಚಿಗೆ ಹಾಕಬೇಡಿ. ಹೊದೆಯುವಾಗ ದಿನವೂ ಎಳೆಯುವುದು ಅಂಚನ್ನೇ, ಸವೆದ ರೇಷ್ಮೆ ಅದನ್ನು ತಾಳುವುದಿಲ್ಲ. ಸುತ್ತುತ್ತ ಬಂದಾಗ ಕಡೆಗೆ ನಡುವೆ ಒಂದು ಗೇಣಿನಷ್ಟು ಜಾಗ ಉಳಿಯುತ್ತದೆ. ಕುಬುಸದ ಬೆನ್ನಿನ ತುಂಡನ್ನು ಅದಕ್ಕೆಂದು ಈಗಲೇ ತೆಗೆದಿಡಿ.